ಕಸ ಬೇರೆ ಮಾಡಿದ್ರೆ ಸಾಕಾ? ಮನೆಗೆ ತರೋದನ್ನೇ ಕಮ್ಮಿ ಮಾಡೋಣ ಅಂದ್ರೆ ಆಗ್ತಾನೇ ಇಲ್ಲ

ತುಂಗಾತೀರ:
ಎಲ್ರಿಗೂ ನಮಸ್ಕಾರ, ಪೋಸ್ಟ್ ಸ್ವಲ್ಪ ಉದ್ದ ಇದೆ. ಬೆಂಗಳೂರಲ್ಲಿ ಬಾಡಿಗೆ ಮನೆ, ನಾವಿಬ್ರು, ಮಗಳು, ಅತ್ತೆ. ಹಸಿ ಕಸ ಬಾಲ್ಕನೀಲೇ ಗೊಬ್ಬರ ಮಾಡ್ತೀವಿ, ಒಣ ಕಸ ತೊಳೆದು ಒಣಗಿಸಿ ಚೀಲಕ್ಕೆ ಹಾಕ್ತೀವಿ, ಸ್ಯಾನಿಟರಿ ಪ್ಯಾಡನ್ನ ಪೇಪರಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆ ಕೊಡ್ತೀವಿ. 2015ರ ಡಿಸೆಂಬರಲ್ಲಿ ಹೈಕೋರ್ಟು ಎರಡು ಡಬ್ಬ (ಹಸಿ ಕಸ, ಸ್ಯಾನಿಟರಿ ಕಸ) ಒಂದು ಚೀಲ (ಒಣ ಕಸ) ಅಂತ ಆದೇಶ ಮಾಡಿದಾಗಿಂದ ಇದನ್ನ ಬಿಟ್ಟಿಲ್ಲ. ಹಸಿ ಕಸ ಆವಾಗ ಎಷ್ಟಿತ್ತೋ ಈಗ್ಲೂ ಅಷ್ಟೇ, ಒಣ ಕಸದ ಚೀಲ ಮಾತ್ರ ಊದ್ತಾನೇ ಇದೆ. ಮೊನ್ನೆ ಅದನ್ನ ಹಾಲ್‌ನಲ್ಲಿ ಸುರಿದು ನೋಡ್ದೆ. ಅರ್ಧಕ್ಕರ್ಧ ಡೆಲಿವರಿ ಆದ ಸಾಮಾನಿನ ರಟ್ಟು, ಕವರ್ರು, ಬಬಲ್ ವ್ರ್ಯಾಪು. ಉಳಿದದ್ರಲ್ಲಿ ಚಿಪ್ಸ್ ಬಿಸ್ಕೆಟ್ ಕವರ್ರು, ಯಾರದೋ ಬರ್ತ್‌ಡೇಲಿ ಕೊಟ್ಟ ಪ್ಲಾಸ್ಟಿಕ್ ಪೆನ್ಸಿಲ್ ಬಾಕ್ಸು (ಮುಚ್ಚಳ ಮುರಿದಿದೆ), ಒಂದು ಸಲವೂ ಉಪಯೋಗಿಸದ ತರಕಾರಿ ಹೆಚ್ಚೋ ಮಿಷಿನ್ನು.

ಅದಕ್ಕೆ ಮುಂದಿನ ಯುಗಾದಿವರೆಗೂ ಊಟ, ಔಷಧಿ, ಸ್ಕೂಲಿಗೆ ಬೇಕಾದ್ದು ಬಿಟ್ಟು ಏನೂ ಕೊಳ್ಳಲ್ಲ, ಕೆಟ್ಟಿದ್ದು ರಿಪೇರಿ ಆಗ್ಲೇ ಇಲ್ಲ ಅಂದ್ರೆ ಮಾತ್ರ ಹೊಸದು ಅಂತ ತೀರ್ಮಾನ ಮಾಡಿದೀನಿ. ನನ್ನ ಮಟ್ಟಿಗೆ ಕಷ್ಟ ಆಗ್ತಿಲ್ಲ. ಕಷ್ಟ ಇರೋದು ಮನೆಯವರ ಜೊತೆ ಮತ್ತೆ ನೆಂಟರ ಜೊತೆ. ಇವ್ರು ಜಿಎಸ್‌ಟಿ ಇಳಿದಿದೆ ಅಂತ ಚೆನ್ನಾಗಿ ಓಡ್ತಿರೋ ಟಿವಿ ಬದಲಾಯಿಸೋಕೆ ಹೊರಟಿದಾರೆ. ಅತ್ತೆ ಪಾಪ ಮಿತವ್ಯಯದವರೇ, ಆದ್ರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದವರಿಗೆ ಬರೀ ಎಲೆ ಅಡಿಕೆ ಕೊಟ್ಟು ಕಳಿಸೋಕೆ ಆಗುತ್ತಾ ಅಂತಾರೆ. ಮುಯ್ಯಿ ಅಂತೂ ಕೇಳ್ಲೇಬೇಡಿ, ಅವರು ಕೊಟ್ಟಿದಾರೆ ನಾವು ಕೊಡ್ಬೇಕು, ನಾವು ಕೊಟ್ರೆ ಅವರು ವಾಪಸ್ ಕೊಡ್ತಾರೆ. ನಿಮ್ಮನೇಲಿ ಇದನ್ನೆಲ್ಲ ಹೇಗೆ ನಿಭಾಯಿಸಿದ್ರಿ? ಮಾಡಿ ನೋಡಿದವರು ಹೇಳಿ.

ಮೂರನೇ ಮಹಡಿ:
ಮೊದ್ಲು ಎಲ್ರ ಫೋನಿಂದ ಆ ಹತ್ತು ನಿಮಿಷದಲ್ಲಿ ಡೆಲಿವರಿ ಅನ್ನೋ ಆ್ಯಪ್ ತೆಗೀರಿ.

ಅವಳಿ ಮಕ್ಕಳ ಅಮ್ಮ:
@ಮೂರನೇ ಮಹಡಿ ಹೇಳೋದು ಸುಲಭ ಸರ್. ಆಫೀಸಿಂದ ಎಂಟು ಗಂಟೆಗೆ ಬಂದು ನೋಡಿದ್ರೆ ಮನೇಲಿ ಮೊಸರಿಲ್ಲ, ನಾಳೆ ಸ್ಕೂಲಿಗೆ ಬ್ರೌನ್ ಶೀಟ್ ಬೇಕು ಅಂತ ಈಗ ನೆನಪಾಗುತ್ತೆ. ಯಾರು ಹೋಗ್ಬೇಕು? ಗಂಡಸರು "ಆ್ಯಪ್ ತೆಗೀರಿ" ಅಂತ ಒಂದು ಲೈನ್ ಬರೆದು ಹೋಗ್ತಾರೆ. ನಾವು ಆ್ಯಪ್ ಇಟ್ಕೊಂಡೇ ಒಂದು ನಿಯಮ ಮಾಡ್ಕೊಂಡಿದೀವಿ, ಫ್ರಿಡ್ಜ್ ಮೇಲೆ ಚೀಟಿ, ಬೇಕಾದ್ದನ್ನ ಎಲ್ರೂ ಅಲ್ಲಿ ಬರೀಬೇಕು, ಶನಿವಾರ ಒಂದೇ ಸಲ ಬೀದಿ ಕೊನೆ ಅಂಗಡಿಗೆ ಚೀಲ ತಗೊಂಡು ಹೋಗೋದು. ಮಂಗಳವಾರ ಬರೆದ ಎಷ್ಟೋ ಐಟಂನ ಶನಿವಾರದೊಳಗೆ ಬರೆದವರೇ ಹೊಡೆದು ಹಾಕಿರ್ತಾರೆ. ನಮ್ಮನೇಲಿ ಇದೇ ಜಾಸ್ತಿ ಕೆಲಸ ಮಾಡಿದ್ದು.

ಮೂರನೇ ಮಹಡಿ:
ನಮ್ಮನೇಲಿ ಅಡುಗೆ, ದಿನಸಿ ಎರಡೂ ನಾನೇ ನೋಡ್ಕೊಳ್ಳೋದು ಮೇಡಂ. ಚೀಟಿ ಐಡಿಯಾ ಚೆನ್ನಾಗಿದೆ, ಶುರು ಮಾಡ್ತೀನಿ.

ಧಾರವಾಡದಾಕಿ:
ತುಂಗಾತೀರ ಅಕ್ಕಾರ, ನಿಮ್ಮ ಮುಯ್ಯಿ ಕಥಿ ನಮ್ಮನಿದ ಅನ್ನಿಸ್ತು. ನಮ್ಮ ಕಡೆ ಮದಿವ್ಯಾಗ ಆಯೇರಿ ಮಾಡೂದು ಇರತೈತಿ. ಟಾವೆಲ್, ಟೊಪಗಿ, ಸೀರಿ, ಜಂಪರ್ ಪೀಸ್. ಆ ಜಂಪರ್ ಪೀಸ್ ಪೂರಾ ಪಾಲಿಸ್ಟರ್ರು, ಬೆವರು ಹೀರಂಗಿಲ್ಲ, ಯಾರೂ ಹೊಲಿಸಂಗಿಲ್ಲ, ಟ್ರಂಕಿನ್ಯಾಗ ಇಟ್ಟು ಮುಂದಿನ ಮದಿವ್ಯಾಗ ಮತ್ತೊಬ್ಬರಿಗೆ ದಾಟಸೂದು. ತಮ್ಮನ ಮದಿವಿ ಟೈಮಿಗೆ ನಾವು ಎರಡೂ ಕಡೆ ಹಿರೇರನ್ನ ಕೂಡಿಸಿ ಮೊದಲ ಮಾತಾಡಿ ಮುಗಿಸಿದ್ವಿ. ಆಯೇರಿ ಖಾಸ ಮನಿ ಮಂದಿಗಷ್ಟ, ಅದೂ ಗುಳೇದಗುಡ್ಡದ ನೇಕಾರರು ನೇಯೂ ಖಣ (ಜಂಪರ್ ಬಟ್ಟಿ), ಉಳದವರಿಗೆ ಎಲಿ ಅಡಕಿ ತೆಂಗಿನಕಾಯಿ. ಉಡುಗೊರಿ ಬ್ಯಾಡ ಅಂತ ಕಾರ್ಡಿನ್ಯಾಗ ಅಚ್ಚು ಹಾಕ್ಸಿದ್ವಿ. ಒಬ್ಬಾಕಿ ದೊಡ್ಡವ್ವ ಸಿಟ್ಟಾಗಿ ಊಟಾ ಮಾಡೂದಿಲ್ಲ ಅಂತ ಕೂತ್ಲು, ಆಕಿಗೆ ಒಂದ್ ಸೀರಿ ಕೊಟ್ಟ ಸಮಾಧಾನ ಮಾಡಿದ್ವಿ, ಅದು ಬ್ಯಾರೆ ಮಾತು. ಆದ್ರ ಖಣ ಇಸ್ಕೊಂಡವರೆಲ್ಲಾ ಹೊಲಿಸಿ ಉಟ್ಟಾರ, ನಾನ ಕಣ್ಣಾರೆ ನೋಡೇನಿ. ನೇಕಾರರಿಗೂ ನಾಕು ರೂಪಾಯಿ ಹೋತು.

ಹಳೇ ಸೀರಿ ಬಗ್ಗೆ ಯಾರೂ ಹೇಳ್ಲಿಲ್ಲ. ಕೌದಿ ಹೊಲಿಯೂ ಅಜ್ಜಿದೇರು ಇನ್ನೂ ಅದಾರ, ಪದರ ಪದರ ಹಾಕಿ ಕೈಲೆ ಹೊಲಿತಾರ. ಹತ್ತಿ ಸೀರಿ ಇದ್ರಷ್ಟ ಛಲೋ ಬರತೈತಿ.

ತುಂಗಾತೀರ:
ಕಾರ್ಡಲ್ಲೇ ಅಚ್ಚು ಹಾಕಿಸೋದು ಒಳ್ಳೇದು. ಬಾಯಲ್ಲಿ ಹೇಳಿದ್ರೆ "ಸುಮ್ನೆ ಉಪಚಾರಕ್ಕೆ ಹೇಳ್ತಾರೆ" ಅಂತ ತಂದೇ ತರ್ತಾರೆ.

ಒಣಕಸ ಸ್ವಯಂಸೇವಕ:
ನಮ್ಮ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರದಲ್ಲಿ ಬಿಡುವಿದ್ದಾಗ ಕೈ ಜೋಡಿಸ್ತೀನಿ, ಅಲ್ಲಿ ಕಂಡಿದ್ದು ಹೇಳ್ತೀನಿ. ತುಂಬ ಜನ ತೊಳೆದು ಕೊಟ್ಟಿದ್ದೆಲ್ಲ ರೀಸೈಕಲ್ ಆಗುತ್ತೆ ಅಂದ್ಕೊಂಡಿದಾರೆ. ರಟ್ಟು, ಪೇಪರ್ರು, ನೀರಿನ ಬಾಟ್ಲಿ, ಹಾಲಿನ ಕವರ್ರು, ಗಟ್ಟಿ ಪ್ಲಾಸ್ಟಿಕ್ಕು, ಲೋಹ, ಇವಕ್ಕೆ ಬೆಲೆ ಇದೆ, ಕೇಂದ್ರ ನಡೆಸೋರ ಹೊಟ್ಟೆ ತುಂಬೋದು ಇವುಗಳಿಂದಾನೇ. ಚಿಪ್ಸ್ ಕವರ್ರಿದೆಯಲ್ಲ, ಒಳಗೆ ಬೆಳ್ಳಿ ಥರ ಹೊಳೆಯುತ್ತೆ, ಅದ್ರಲ್ಲಿ ಬೇರೆ ಬೇರೆ ಪದರಗಳು ಅಂಟ್ಕೊಂಡಿರುತ್ತೆ, ಬಿಡಿಸೋಕೆ ಆಗಲ್ಲ, ಯಾರೂ ದುಡ್ಡು ಕೊಟ್ಟು ತಗೊಳಲ್ಲ. ಒಳ್ಳೇದಾದ್ರೆ ಸಿಮೆಂಟ್ ಫ್ಯಾಕ್ಟರಿ ಕುಲುಮೆಗೆ ಕಲ್ಲಿದ್ದಲ ಜೊತೆ ಉರಿಯೋಕೆ ಹೋಗುತ್ತೆ, ಇಲ್ಲಾಂದ್ರೆ ಗುಂಡಿಗೆ. ಥರ್ಮೋಕೋಲು ಜಾಗ ತಿನ್ನುತ್ತೆ, ತೂಕ ಇಲ್ಲ, ಸಾಗಿಸೋ ಖರ್ಚೂ ಹುಟ್ಟಲ್ಲ.

ಇನ್ನು ಚಪ್ಪಲಿ, ಶೂ, ಸ್ಕೂಲ್ ಬ್ಯಾಗು, ದಿಂಬು, ಹಾಸಿಗೆ, ಹರಿದ ಸೂಟ್‌ಕೇಸು. ಹಬ್ಬಕ್ಕೆ ಮುಂಚೆ ಮನೆ ಕ್ಲೀನ್ ಮಾಡ್ತಾರಲ್ಲ, ಆವಾಗ ಇವು ಬಂದು ಬೀಳೋದು ನೋಡ್ಬೇಕು ನೀವು. ಒಂದು ಶೂನಲ್ಲಿ ರಬ್ಬರು, ಬಟ್ಟೆ, ಫೋಮು, ಅಂಟು ಎಲ್ಲ ಇರುತ್ತೆ, ಅದನ್ನ ಯಾರು ಬಿಚ್ಚಿ ಬೇರೆ ಮಾಡ್ತಾರೆ? ಬಟ್ಟೇನೂ ಹಾಗೇ, ಹತ್ತಿ ಪಾಲಿಸ್ಟರ್ ಮಿಕ್ಸ್ ಇದ್ರೆ ಮತ್ತೆ ನೂಲು ತೆಗೆಯೋದು ಬಹಳ ಕಷ್ಟ. ಅದಕ್ಕೇ ಪೋಸ್ಟ್ ಹಾಕಿದವರ ಮಾತು ನೂರಕ್ಕೆ ನೂರು ಸರಿ, ಕೊಳ್ಳೋವಾಗ್ಲೇ ತಡೀಬೇಕು, ಕೇಂದ್ರಕ್ಕೆ ಬಂದ್ಮೇಲೆ ನಮ್ಮ ಕೈಲಿ ಏನೂ ಇರಲ್ಲ.

ಒಂದು ಸಣ್ಣ ವಿಷಯ, ಹಾಲಿನ ಕವರ್ ಕಟ್ ಮಾಡುವಾಗ ಮೂಲೆ ತುಂಡು ಪೂರ್ತಿ ಕತ್ತರಿಸಿ ಬೀಳಿಸ್ಬೇಡಿ, ಕವರಿಗೇ ಅಂಟ್ಕೊಂಡಿರ್ಲಿ. ಆ ಚೂರು ಯಾರ ಕೈಗೂ ಸಿಗಲ್ಲ, ಸೀದಾ ಮಣ್ಣಿಗೋ ಚರಂಡಿಗೋ ಹೋಗುತ್ತೆ.

ಮಲ್ಲಿಗೆಬಳ್ಳಿ:
ಹಾಲಿನ ಕವರ್ ವಿಷಯ ಗೊತ್ತೇ ಇರ್ಲಿಲ್ಲ, ಥ್ಯಾಂಕ್ಸ್. ಟಾಪಿಕ್ ಅಲ್ದೇ ಇರೋ ಪ್ರಶ್ನೆ, ಬಾಲ್ಕನಿ ಗೊಬ್ಬರ ವಾಸನೆ ಬರ್ತಿದೆ, ಏನ್ ಮಾಡ್ಲಿ?

ತುಂಗಾತೀರ:
@ಮಲ್ಲಿಗೆಬಳ್ಳಿ ನೀರು ಜಾಸ್ತಿ ಆಗಿದೆ. ತೆಂಗಿನ ನಾರಿನ ಪುಡಿ ಅಥವಾ ಒಣ ಎಲೆ ಹಾಕಿ ಚೆನ್ನಾಗಿ ಕೆದಕಿ. ಹುಳಿ ಮಜ್ಜಿಗೆ ಸ್ವಲ್ಪ ಚಿಮುಕಿಸಿದ್ರೂ ಆಗುತ್ತೆ.

ಬಳ್ಳಾಪುರದ ರೈತ:
ನಾನು ದೊಡ್ಡಬಳ್ಳಾಪುರದ ಕಡೆಯವ್ನು. ಸಿಟ್ಟಿಂದ್ಲೇ ಬರೀತಿದೀನಿ, ಬೇಜಾರ್ ಮಾಡ್ಕೊಬೇಡಿ. ನೀವೆಲ್ಲ ಡಬ್ಬ, ಚೀಲ, ಮಜ್ಜಿಗೆ ಅಂತಿದೀರ, ಸರಿ, ಮಾಡಿ. ಆದ್ರೆ ನಿಮ್ಮ ಗೇಟಿಂದ ಆಚೆ ಹೋದ್ಮೇಲೆ ಅದು ಯಾರ ಊರಿಗೆ ಬರುತ್ತೆ ಅಂತ ಈ ಚರ್ಚೇಲಿ ಇಷ್ಟೊತ್ತಾದ್ರೂ ಒಬ್ರೂ ಕೇಳ್ಲಿಲ್ಲ. 2012ರಲ್ಲಿ ನಿಮ್ಮ ಕಸ ಸುರೀತಿದ್ದ ಮಾವಳ್ಳಿಪುರದ ಊರಿನೋರು ಲಾರಿ ನಿಲ್ಸಿದ್ರು, ಬೆಂಗಳೂರು ಪೂರ್ತಿ ನಾರ್ತು, ಆವಾಗ ಪೇಪರಲ್ಲೆಲ್ಲ ಬಂತು. ಆಮೇಲೆ ಮಂಡೂರಿಗೆ ಸುರಿದ್ರು. ಮಂಡೂರೋರು ಬೀದಿಗಿಳಿದ್ಮೇಲೆ 2014ರ ಡಿಸೆಂಬರ್ 1ರಿಂದ ಅಲ್ಲೂ ನಿಲ್ತು. ಆಮೇಲೆ ಬೆಳ್ಳಹಳ್ಳಿ ಕ್ವಾರಿ, ಮಿಟ್ಟಗಾನಹಳ್ಳಿ ಕ್ವಾರಿ, ನಮ್ಮ ತಾಲ್ಲೂಕಿನ ಘಟಕಗಳು. ದಿನಕ್ಕೆ ಐದು ಸಾವಿರ ಟನ್ನಿಗೂ ಜಾಸ್ತಿ ಕಸ ಹುಟ್ಟೋ ಊರು ನಿಮ್ದು. ಒಂದು ಊರಿನೋರು ಗಲಾಟೆ ಮಾಡಿ ತಪ್ಪಿಸ್ಕೊಂಡ್ರೆ ಇನ್ನೊಂದು ಊರಿನೋರ ತಲೆ ಮೇಲೆ.

ಲಾರಿ ಹೋಗೋ ದಾರೀಲಿ ಕಪ್ಪು ನೀರು ಸೋರುತ್ತೆ. ನೊಣ ಅಂದ್ರೆ ತಟ್ಟೆಗೆ ಮುದ್ದೆ ಹಾಕೋಕೆ ಬಿಡಲ್ಲ. ನಮ್ಮ ತೋಟದ ಬೋರ್‌ವೆಲ್ ನೀರನ್ನ ದನ ಮೂಸಿ ನೋಡಿ ಬಿಟ್ಟೋಗ್ತವೆ. ಹೆಣ್ಣು ಕೊಡೋಕೆ ಬಂದವರು ವಾಸನೆ ಬಂತು ಅಂತ ಬಸ್ ಸ್ಟಾಪಿಂದ್ಲೇ ವಾಪಸ್ ಹೋಗಿದ್ದೂ ಇದೆ. ನೀವು ಒಂದು ಟಿವಿ ಕಮ್ಮಿ ತಗೊಂಡ್ರೆ ನಮಗೆ ಒಂದು ಥರ್ಮೋಕೋಲ್ ಕಮ್ಮಿ ಬರುತ್ತೆ, ಅಷ್ಟೇ ಲೆಕ್ಕ. ಮೇಡಂ, ನಿಮ್ಮ ಯಜಮಾನ್ರಿಗೆ ಇದನ್ನ ಓದಿ ಹೇಳಿ.

ತುಂಗಾತೀರ:
ಓದಿ ಹೇಳ್ದೆ ಅಣ್ಣ. ಸುಮ್ನೆ ಕೂತಿದಾರೆ. ಇವ್ರ ಅಮ್ಮನೂ ಕೇಳಿಸ್ಕೊಂಡ್ರು.

ಕುಡ್ಲದವ:
ಬೆಂಗಳೂರಿನದ್ದು ಮಾತ್ರ ಅಲ್ಲ ಮಾರಾಯ್ರೆ. ನಮ್ಮ ಮಂಗಳೂರಲ್ಲಿ 2019ರ ಆಗಸ್ಟ್ ಮಳೆಗೆ ಪಚ್ಚನಾಡಿ ಕಸದ ಗುಡ್ಡೆ ಜರಿದು ಕೆಳಗಿನ ಮಂದಾರ ಅನ್ನುವ ಊರಿಗೆ ಬಂದು ಕೂತದ್ದು ನೆನಪುಂಟಲ್ಲ? ಅಡಿಕೆ ತೋಟ, ಬಾವಿ, ಮನೆ ಎಲ್ಲ ಕಸದ ಅಡಿಗೆ. ಅಲ್ಲಿಯ ಕುಟುಂಬಗಳು ಮನೆ ಬಿಟ್ಟು ಹೋಗ್ಬೇಕಾಯ್ತು. ತಲೆಮಾರಿನ ತೋಟ ಅದು. ಬಳ್ಳಾಪುರದವರು ಹೇಳಿದ್ದು ಪೂರ್ತಿ ಸರಿ.

ಚಿಕ್ಕಪೇಟೆ ಅಂಗಡಿ:
ಕೋಪ ಬಂದ್ರೂ ಪರ್ವಾಗಿಲ್ಲ ಹೇಳ್ತೀನಿ. ನಮ್ದು ರಿಟರ್ನ್ ಗಿಫ್ಟ್ ಹೋಲ್‌ಸೇಲ್ ಅಂಗಡಿ, ಅಪ್ಪನ ಕಾಲದ್ದು. ಎಲ್ರೂ ಒಂದು ವರ್ಷ ಏನೂ ಕೊಳ್ಳಲ್ಲ ಅಂತ ಕೂತ್ರೆ ನಮ್ಮ ಹತ್ರ ಕೆಲಸ ಮಾಡೋ ಹುಡುಗ್ರು ಎಲ್ಲಿಗೆ ಹೋಗ್ಬೇಕು? ಮೂಟೆ ಹೊರೋರು, ಆಟೋದವರು, ಪ್ಯಾಕಿಂಗ್ ಮಾಡೋ ಹೆಂಗಸರು? ನೀವು ಸಂಬಳ ತಗೊಳೋ ಜನ, ವ್ಯಾಪಾರದ ಕಷ್ಟ ನಿಮಗೆ ಗೊತ್ತಿಲ್ಲ.

ಗಿರಾಕಿ ಬಂದು ಮೊದ್ಲು ಕೇಳೋದೇ "ಐವತ್ತು ರೂಪಾಯಿ ಒಳಗೆ ನೂರು ಪೀಸ್, ನೋಡೋಕೆ ದೊಡ್ಡದಾಗಿ ಕಾಣ್ಬೇಕು" ಅಂತ. ಆ ರೇಟಿಗೆ ಗಟ್ಟಿ ಸಾಮಾನು ಯಾರೂ ಮಾಡೋಕೆ ಆಗಲ್ಲ. ನಾವು ಸ್ಟೀಲ್ ಬಟ್ಲು, ಹಿತ್ತಾಳೆ ಸಣ್ಣ ದೀಪ ಇಟ್ಟಿದೀವಿ, ಎತ್ತಿ ನೋಡಿ "ಇಷ್ಟು ಚಿಕ್ಕದಾ" ಅಂತ ವಾಪಸ್ ಇಟ್ಟು ಪ್ಲಾಸ್ಟಿಕ್ ಬುಟ್ಟಿ ತಗೊಂಡು ಹೋಗ್ತಾರೆ.

ಧಾರವಾಡದಾಕಿ:
ಅಣ್ಣಾರ, ರೊಕ್ಕಾ ಬ್ಯಾರೆ ಕಡೆ ಹೊಂಟೈತಿ ಅಷ್ಟ. ಬುಟ್ಟಿಗೆ ಹೋಗೂದು ನೇಕಾರಗ, ಟೇಲರ್‌ಗ, ಚಪ್ಪಲ್ ಹೊಲಿಯಾಂವಗ ಹೋಗತೈತಿ. ಅವರೂ ಮನಶ್ಯಾರ ಅಲಾ?

ಚಿಕ್ಕಪೇಟೆ ಅಂಗಡಿ:
ಅಕ್ಕ, ಒಪ್ತೀನಿ. ಆದ್ರೆ ಹಠಾತ್ ಆಗಿ ಆದ್ರೆ ನಮ್ಮಂಥೋರು ಮುಳುಗ್ತೀವಿ ಅನ್ನೋದೂ ನೆನಪಿರ್ಲಿ. ಜನ ಹಬ್ಬಕ್ಕೆ ಸ್ಟೀಲೇ ಕೇಳೋಕೆ ಶುರು ಮಾಡಿದ್ರೆ ನಾಳೆಯಿಂದ ಸ್ಟೀಲೇ ತರಿಸ್ತೀನಿ, ನನಗೇನು ಪ್ಲಾಸ್ಟಿಕ್ ಮೇಲೆ ಪ್ರೀತಿ ಇಲ್ಲ.

ಹೊಲಿಗೆ ಲೈನ್:
ಗಾರ್ಮೆಂಟ್ಸಲ್ಲಿ ಕೆಲ್ಸ ಮಾಡ್ತೀನಿ. ಎಲ್ರದ್ದೂ ಓದ್ದೆ. ನಮ್ಮಂಥವರ ಮನೇಲಿ ಕಮ್ಮಿ ಕೊಳ್ಳೋದು ಚಾಲೆಂಜ್ ಅಲ್ಲ ಅಕ್ಕ, ಯಾವಾಗ್ಲೂ ಹಾಗೇ ಇರೋದು. ಆದ್ರೂ ನಮ್ಮ ಮನೆ ಕಸದಲ್ಲಿ ಸ್ಯಾಶೆ ಕವರ್ರೇ ಜಾಸ್ತಿ. ಶಾಂಪೂ, ಎಣ್ಣೆ, ಕಾಫಿಪುಡಿ ಎಲ್ಲ ಸ್ಯಾಶೆ. ಬಾಟ್ಲಿ ತಗೊಂಡ್ರೆ ಉಳಿತಾಯ ಆಗುತ್ತೆ ಅಂತ ನಮಗೂ ಗೊತ್ತು, ಆದ್ರೆ ತಿಂಗಳ ಕೊನೇಲಿ ಕೈಯಲ್ಲಿ ಇಪ್ಪತ್ತು ರೂಪಾಯಿ ಇದ್ದಾಗ ಬಾಟ್ಲಿ ಹೇಗೆ ತರೋದು. ಅಂಗಡೀಲಿ ಡ್ರಮ್ಮಿಂದ ಎಣ್ಣೆ ಅಳೆದು ಕೊಡ್ತಿದ್ರು ಅಂತ ನಮ್ಮಮ್ಮ ಹೇಳ್ತಾರೆ, ನಾವೇ ಸೀಸೆ ತಗೊಂಡು ಹೋಗ್ಬೇಕಿತ್ತಂತೆ. ಶಾಂಪೂನೂ ಹಾಗೆ ಅಳೆದು ಕೊಟ್ರೆ ನಾವು ಯಾಕೆ ಸ್ಯಾಶೆ ತರ್ತೀವಿ?

ಇನ್ನೊಂದು ಮಾತು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇಡ್ತಾರೆ, ಬಾತ್ರೂಮಿಗೆ ಎದ್ದೋದ್ರೂ ಲೆಕ್ಕ ಕೇಳ್ತಾರೆ. ಹಾಗೆ ಹೊಲಿದ ಶರ್ಟು ಆಫರಲ್ಲಿ ಒಂದಕ್ಕೊಂದು ಫ್ರೀ ಅಂತ ಬೋರ್ಡ್ ನೋಡ್ದಾಗ ಹೊಟ್ಟೆ ಉರಿಯುತ್ತೆ. ಫ್ರೀ ಅಂತ ಕೊಟ್ಟಿದ್ದನ್ನೂ ನಾವೇ ಹೊಲಿದಿರ್ತೀವಿ. ಆಮೇಲೆ ನೀವು ಬೇಡ ಅಂತ ಮನೆ ಕೆಲಸದವರಿಗೆ ಕೊಡ್ತೀರ. ನಮ್ಮತ್ತೆ ಮನೆ ಕೆಲಸ ಮಾಡ್ತಾರೆ, ಬೇಡ ಅಂದ್ರೆ ಬೇಜಾರಾಗ್ತಾರೆ ಅಂತ ಗುಂಡಿ ಕಿತ್ತೋದ ನೈಟಿ, ಒಂದು ಕಾಲಿಲ್ಲದ ಗೊಂಬೆ ಎಲ್ಲ ಹೊತ್ಕೊಂಡು ಬರ್ತಾರೆ. ಹತ್ತಕ್ಕೆ ಹನ್ನೆರಡು ಅಡಿ ಮನೇಲಿ ಎಲ್ಲಿಡೋದು? ಕೊನೆಗೆ ನಮ್ಮ ಬೀದಿ ತುದೀಲಿ ಬೀಳುತ್ತೆ, ಆವಾಗ "ಈ ಏರಿಯಾ ಜನ ಗಲೀಜು" ಅಂತಾರೆ.

ಅವಳಿ ಮಕ್ಕಳ ಅಮ್ಮ:
ಇದು ಈ ಚರ್ಚೆಯ ಅತಿ ಮುಖ್ಯ ಕಾಮೆಂಟ್. ಎಲ್ರೂ ಓದಿ. ಕೊಡೋಕೆ ಮುಂಚೆ ಕೇಳ್ಬೇಕು, ತೊಳೆದು ಗುಂಡಿ ಹಾಕಿ ಕೊಡ್ಬೇಕು, ಬೇಡ ಅನ್ನೋಕೆ ಅವರಿಗೆ ಅವಕಾಶ ಇರ್ಬೇಕು.

ಸೋಲ್ಡರಿಂಗ್ ಐರನ್:
ರಿಪೇರಿ ಬಗ್ಗೆ ಬರೀತೀನಿ, ನಂದು ಅದೇ ಹುಚ್ಚು. ಜನ ಬಿಸಾಕೋ ಸಾಮಾನಲ್ಲಿ ಎಷ್ಟೋ ಸಣ್ಣ ಪಾರ್ಟ್ ಹೋಗಿರುತ್ತೆ ಅಷ್ಟೇ. ಫ್ಯಾನ್ ನಿಧಾನಕ್ಕೆ ತಿರುಗ್ತಿದ್ರೆ ತುಂಬ ಸಲ ಕೆಪಾಸಿಟರ್, 2.5 ಮೈಕ್ರೋಫ್ಯಾರಡ್ ಅಂತ ಅದ್ರ ಮೇಲೇ ಬರೆದಿರುತ್ತೆ, ಎಲೆಕ್ಟ್ರಿಕಲ್ ಅಂಗಡೀಲಿ ಸಿಗುತ್ತೆ. ಮಿಕ್ಸಿ ಮೋಟಾರ್ ಸದ್ದು ಮಾಡುತ್ತೆ ಜಾರ್ ತಿರುಗಲ್ಲ ಅಂದ್ರೆ ಕಪ್ಲರ್ ಸವೆದಿದೆ. ಜಾರ್ ಕೆಳಗಿಂದ ಸೋರಿದ್ರೆ ಬುಷ್ಷು, ವಾಷರ್ರು. ಮೋಟಾರಲ್ಲಿ ಕಿಡಿ ಹಾರಿ ನಿಂತ್ರೆ ಕಾರ್ಬನ್ ಬ್ರಷ್ ನೋಡ್ಸಿ. ಇವ್ಯಾವ್ದೂ ಹೊಸ ಮಿಕ್ಸಿ ತರೋ ಖರ್ಚಲ್ಲ. ಕುಕ್ಕರ್ ಸೀಟಿ ಹಾಕಲ್ಲ ಅಂತ ಕುಕ್ಕರ್ರೇ ಬದಲಾಯಿಸಿದವರನ್ನ ನೋಡಿದೀನಿ, ಗ್ಯಾಸ್ಕೆಟ್ ಬದಲಾಯಿಸಿದ್ರೆ ಮುಗೀತಿತ್ತು. ಫ್ಯಾನು ಮಿಕ್ಸಿ ಮುಟ್ಟೋಕೆ ಮುಂಚೆ ಕರೆಂಟ್ ತೆಗೀರಿ, ಗೊತ್ತಿಲ್ದಿದ್ರೆ ಮೆಕ್ಯಾನಿಕ್ ಹತ್ರ ಕೊಡಿ.

ಬೆಂಗಳೂರಲ್ಲಿ 2015ರಿಂದ ರಿಪೇರಿ ಕೆಫೆ ಅಂತ ನಡೆಸ್ತಿದಾರೆ, 2009ರಲ್ಲಿ ಆಮ್‌ಸ್ಟರ್‌ಡ್ಯಾಮಲ್ಲಿ ಶುರುವಾದ ಐಡಿಯಾ ಅದು. ಕೆಟ್ಟ ಸಾಮಾನು ತಗೊಂಡು ಹೋದ್ರೆ ಗೊತ್ತಿರೋರು ಪಕ್ಕದಲ್ಲಿ ಕೂತು ನಿಮ್ಮ ಕೈಲೇ ಬಿಚ್ಚಿಸಿ ಕಲಿಸ್ತಾರೆ. ಸರ್ಕಾರದ್ದೂ ರಿಪೇರಿ ಹಕ್ಕಿನ ಪೋರ್ಟಲ್ ಇದೆ, 2022ರ ಡಿಸೆಂಬರಲ್ಲಿ ಬಂದಿದ್ದು, ಕಂಪನಿಗಳ ಸರ್ವಿಸ್ ಮಾಹಿತಿ ಒಂದೇ ಕಡೆ ಸಿಗ್ಲಿ ಅಂತ ಮಾಡಿದ್ದು. ಆದ್ರೆ ನಿಜವಾದ ತೊಂದ್ರೆ ಸ್ಪೇರ್ ಪಾರ್ಟು. ಈಗಿನ ಇಯರ್‌ಫೋನು, ಟ್ರಿಮ್ಮರ್ರಿಗೆ ಸ್ಕ್ರೂನೇ ಇರಲ್ಲ, ಅಂಟು ಹಾಕಿ ಮುಚ್ಚಿರ್ತಾರೆ. ಕೊಳ್ಳೋಕೆ ಮುಂಚೆ ಅಂಗಡಿಯವರ ಹತ್ರ ಇದನ್ನ ಬಿಚ್ಚೋಕೆ ಆಗುತ್ತಾ, ಬ್ಯಾಟರಿ ಸಿಗುತ್ತಾ ಅಂತ ಕೇಳಿ. ಅವರ ಮುಖ ನೋಡಿದ್ರೇ ಗೊತ್ತಾಗುತ್ತೆ.

ಜರ್ಮನಿ ಕನ್ನಡಿಗ:
ಇಲ್ಲಿ ನೀರು, ಜ್ಯೂಸಿನ ಪ್ಲಾಸ್ಟಿಕ್ ಬಾಟ್ಲಿ, ಕ್ಯಾನ್ ಮೇಲೆ 25 ಸೆಂಟ್ ಡಿಪಾಸಿಟ್ ಇರುತ್ತೆ, ಸೂಪರ್ ಮಾರ್ಕೆಟ್ ಮಿಷಿನ್ನಿಗೆ ಹಾಕಿದ್ರೆ ವಾಪಸ್. ಬೀದೀಲಿ ಬಾಟ್ಲಿ ಬಿದ್ದಿರೋದು ಅಪರೂಪ. ಕರ್ನಾಟಕದಲ್ಲೂ ಮಾಡ್ಬೇಕು.

ಒಣಕಸ ಸ್ವಯಂಸೇವಕ:
ಬಾಟ್ಲಿಗೆ ಇಲ್ಲಿ ಹೇಗೂ ಬೆಲೆ ಇದೆ ಸರ್, ಆಯೋರು ಬಿಡಲ್ಲ. ಕಸ ಆಯೋರಿಗೆ 2011ರಲ್ಲೇ ಬೆಂಗಳೂರಲ್ಲಿ ಪಾಲಿಕೆ ಗುರುತಿನ ಚೀಟಿ ಕೊಡೋಕೆ ಶುರು ಮಾಡ್ತು. ಡಿಪಾಸಿಟ್ ತಂದ್ರೆ ಅವರ ಪಾಲು ಏನಾಗುತ್ತೆ ಅಂತಾನೂ ಯೋಚಿಸ್ಬೇಕು. ಡಿಪಾಸಿಟ್ ಬೇಕಾಗಿರೋದು ಚಿಪ್ಸ್ ಕವರಿಗೆ, ಸ್ಯಾಶೆಗೆ.

ಜರ್ಮನಿ ಕನ್ನಡಿಗ:
ಒಪ್ಪುವ ಮಾತು. ಇಲ್ಲೂ ಬಾಟ್ಲಿ ಆಯ್ದು ಬದುಕೋ ವಯಸ್ಸಾದವರು ಇದಾರೆ. ಇನ್ನೊಂದು, ನಮ್ಮ ಊರಲ್ಲಿ ಕಸದ ಶುಲ್ಕ ಡಬ್ಬದ ಸೈಜಿನ ಮೇಲೆ. ಸಣ್ಣ ಡಬ್ಬ ಇಟ್ಕೊಂಡ್ರೆ ದುಡ್ಡು ಕಮ್ಮಿ.

ಮೂರನೇ ಮಹಡಿ:
ಇದನ್ನೇ ಹೇಳೋಣ ಅಂತಿದ್ದೆ. ಬೆಂಗಳೂರಲ್ಲಿ 2025ರ ಏಪ್ರಿಲಿಂದ ಆಸ್ತಿ ತೆರಿಗೆ ಜೊತೆ ಕಸದ ಶುಲ್ಕ ಬಂತಲ್ಲ, ತಿಂಗಳಿಗೆ 10 ರೂಪಾಯಿಂದ 400 ರೂಪಾಯಿವರೆಗೂ, ಅದು ಕಟ್ಟಡದ ಅಳತೆ ಮೇಲೆ. ತುಂಗಾತೀರ ಮೇಡಂ ಅರ್ಧ ಚೀಲ ಕಸ ಕೊಟ್ರೂ ಅಷ್ಟೇ, ಪಕ್ಕದ ಮನೆಯವರು ದಿನಾ ಮೂರು ಬಾಕ್ಸ್ ತರಿಸಿ ಬಿಸಾಕಿದ್ರೂ ಅಷ್ಟೇ. ಕಮ್ಮಿ ಮಾಡೋರಿಗೆ ಏನ್ ಸಿಕ್ತು?

ಅವಳಿ ಮಕ್ಕಳ ಅಮ್ಮ:
ತೂಕದ ಮೇಲೆ ಹಾಕಿದ್ರೆ ರಾತ್ರೋರಾತ್ರಿ ಖಾಲಿ ಸೈಟಲ್ಲಿ ಬಿಸಾಕ್ತಾರೆ. ಈಗ್ಲೇ ನಮ್ಮ ಬೀದಿ ಕೊನೆ ಸೈಟ್ ಕಸದ ಗುಂಡಿ ಆಗಿದೆ.

ಬಳ್ಳಾಪುರದ ರೈತ:
ಶುಲ್ಕ ಮನೆಯವರಿಗೇ ಯಾಕೆ? ಬಿಚ್ಚೋಕಾಗದ ಕವರ್ ಮಾಡೋ ಕಂಪನಿಗೆ ಹಾಕಿ. ಹೊಲಿಗೆ ಲೈನ್ ತಂಗಿ ಹೇಳಿದ್ದು ಸರಿ, ಬಡವರಿಗೆ ಸ್ಯಾಶೆ ಬಿಟ್ರೆ ಬೇರೆ ದಾರಿ ಇಟ್ಟಿಲ್ಲ.

ಮಲ್ಲಿಗೆಬಳ್ಳಿ:
ಮದುವೆ ತಾಂಬೂಲದ ಚೀಲದ ಬಗ್ಗೆನೂ ಹೇಳಿ ಯಾರಾದ್ರೂ. ಬಟ್ಟೆ ಚೀಲ ಅಂತ ಅಂದ್ಕೊಂಡು ನಾನ್-ವೋವನ್ (ನೇಯದೇ ಇರೋ) ಚೀಲ ಕೊಡ್ತಾರೆ, ಅದು ಪಾಲಿಪ್ರೊಪಿಲೀನ್, ಪ್ಲಾಸ್ಟಿಕ್ಕೇ. ನಾಲ್ಕು ಸಲ ಬಿಸಿಲು ತಾಗಿದ್ರೆ ಪುಡಿಪುಡಿ. ಅಜ್ಜಿ ಮನೇಲಿ ವಧೂವರರ ಹೆಸರು ಅಚ್ಚು ಹಾಕಿದ ಹತ್ತಿ ಚೀಲ ಇನ್ನೂ ರಾಗಿ ತುಂಬೋಕೆ ಇದೆ.

ತುಂಗಾತೀರ:
ನಿಮ್ಮೆಲ್ರ ಮಾತು ಓದಿ ಅತ್ತೆ ಜೊತೆ ಕೂತು ಮಾತಾಡ್ದೆ. ವರಮಹಾಲಕ್ಷ್ಮಿಗೆ ಬರೋರಿಗೆ ತೆಂಗಿನಕಾಯಿ, ಅರಿಶಿನ ಕುಂಕುಮ, ಹೂವು, ಜೊತೆಗೆ ಅವರ ಕೈಯಾರೆ ಮಾಡಿದ ಸಜ್ಜಪ್ಪ ಅಂತ ಒಪ್ಪಿದಾರೆ. ಬ್ಲೌಸ್ ಪೀಸ್ ಇಲ್ಲ. ಟಿವಿ ಬದಲಾಯಿಸೋದು ಸದ್ಯಕ್ಕೆ ನಿಂತಿದೆ. ಆದ್ರೆ ಮಗಳ ಬರ್ತ್‌ಡೇ ಮುಂದಿನ ತಿಂಗಳು, ಎಂಬತ್ತು ಜನ ಆಗ್ತಾರೆ, ಪೇಪರ್ ಪ್ಲೇಟ್ ಕಪ್ಪು ಬೇಡ ಅಂತ ನಂದು (ಪೇಪರ್ ಕಪ್ಪಿನ ಒಳಗೂ ಪ್ಲಾಸ್ಟಿಕ್ ಲೇಪ ಇರುತ್ತಲ್ಲ), ಸ್ಟೀಲ್ ತಟ್ಟೆ ಎಲ್ಲಿಂದ ತರೋದು?

ಸೋಲ್ಡರಿಂಗ್ ಐರನ್:
ಬೆಂಗಳೂರಲ್ಲಿ ಅದಮ್ಯ ಚೇತನ ಅನ್ನೋ ಸಂಸ್ಥೆಯವರು ಪ್ಲೇಟ್ ಬ್ಯಾಂಕ್ ನಡೆಸ್ತಾರೆ, ಸಮಾರಂಭಕ್ಕೆ ಸ್ಟೀಲ್ ತಟ್ಟೆ ಲೋಟ ಎರವಲು ಕೊಡ್ತಾರೆ, ಆದಮೇಲೆ ವಾಪಸ್ ಕೊಡ್ಬೇಕು. ಅಪಾರ್ಟ್‌ಮೆಂಟ್‌ಗಳಲ್ಲೂ ಕೆಲವರು ಒಟ್ಟಾಗಿ ತಟ್ಟೆ ಕೊಂಡಿಟ್ಟಿದಾರೆ, ಅಕ್ಕಪಕ್ಕ ವಿಚಾರಿಸಿ. ಬಾಳೆ ಎಲೆ ಹಾಕಿದ್ರೂ ಆಯ್ತು, ನಿಮ್ಮ ಗೊಬ್ಬರದ ಡಬ್ಬಕ್ಕೇ ಹೋಗುತ್ತೆ, ಹೆಚ್ಚಿ ಹಾಕಿ.

ಅವಳಿ ಮಕ್ಕಳ ಅಮ್ಮ:
ತಟ್ಟೆ ತರೋದೇನೋ ಸರಿ, ಎಂಬತ್ತು ಜನರ ತಟ್ಟೆ ತೊಳೆಯೋರು ಯಾರು? ಅದನ್ನ ಈಗ್ಲೇ ತೀರ್ಮಾನ ಮಾಡ್ಕೊಳಿ, ಇಲ್ಲಾಂದ್ರೆ ನಿಮ್ಮ ತಲೆ ಮೇಲೇ ಬೀಳುತ್ತೆ. ಕೆಲಸದವರಿಗೆ ಹೇಳಿದ್ರೆ ಆ ದಿನಕ್ಕೆ ಬೇರೆ ಕೂಲಿ ಕೊಡಿ.

ತುಂಗಾತೀರ:
ತೊಳೆಯೋದು ಇವ್ರು, ಇವ್ರ ತಮ್ಮ. ಪಕ್ಕದಲ್ಲೇ ಕೂರಿಸ್ಕೊಂಡು ಕೇಳ್ದೆ, ಹೂಂ ಅಂದಿದಾರೆ.